ನೀನು ಬಾಗಿಲು ಹಾಕಿದ ವಿಡಿಯೊ

ಅಣ್ಣಾ,

ಅಮ್ಮ ಇರೋ ಆರೈಕೆ ಕೇಂದ್ರದಲ್ಲಿ ಕೊನೆಯ ದಿನ ಎಣಿಸುವವರಿಗೆ ವಿಆರ್ ಕನ್ನಡಕ ಹಾಕಿ ಬೇಕಾದ ಜಾಗ ತೋರಿಸ್ತಾರೆ. ಅಮ್ಮ ಈಗ ನೀನಿರೋ ನಮ್ಮ ಮನೆ ಕೇಳಿದಳು. ಅದಕ್ಕೇ ಮೊನ್ನೆ ನಾನು ಕ್ಯಾಮೆರಾ ಹಿಡಿದು ನಿನ್ನ ಬಾಗಿಲಿಗೆ ಬಂದಿದ್ದು. "ಸತ್ತ ಮೇಲೆ ಹೇಳು" ಅಂತ ನೀನು ನನ್ನ ಮುಖಕ್ಕೆ ಬಡಿಯೋ ಹಾಗೆ ಬಾಗಿಲು ಹಾಕಿದೆ. ಮಗನ ಬಂಡವಾಳ ಬಯಲಾಗಲಿ ಅಂತ ಅಷ್ಟನ್ನೂ ವಿಡಿಯೊದಲ್ಲಿ ಹಾಗೇ ಬಿಟ್ಟೆ.

ಇವತ್ತು ಅಮ್ಮ ನೋಡಿದಳು. ನಿನ್ನ ಮಾತೂ ಕೇಳಿಸಿತು. ಕೈ ಚಾಚಿ ಗಾಳಿಯಲ್ಲೇ ನಿನ್ನ ಕೆನ್ನೆ ಸವರಿದಳು.

"ಎಷ್ಟು ಸೊರಗಿದಾನೆ. ಇನ್ನೊಂದ್ಸಲ ಹಾಕೇ."

ಹೆತ್ತವರಿಗೆ ಹೆಗ್ಗಣ ಮುದ್ದು. ಮೂರು ಸಲ ಹಾಕಿದೆ. ಮೂರು ಸಲವೂ ಬಾಗಿಲು ಬಡಿದದ್ದು ನನ್ನ ಮುಖಕ್ಕೇ.

"ಅವನಿಗೆ ಬರೋಕೆ ಹೇಳು" ಅಂದಳು. ಹೂಂ ಅಂದೆ.

ಈ ಪತ್ರ ಕಳಿಸಲ್ಲ. ನೀನು ಹೇಳಿದ ಹಾಗೇ ಆಗಲಿ, ಸತ್ತ ಮೇಲೇ ಹೇಳ್ತೀನಿ.