ದಕ್ಷಿಣ ಬಂದರಿನ ಕೆಂಪು ಮೀನು

ನೀರಿನಲ್ಲಿಯೂ ನೆಲದ ಮೇಲೆಯೂ ಉಸಿರಾಡುವ ಸಕಲ ಜೀವಗಳ ಒಡೆಯನನ್ನು ಮೊದಲು ನೆನೆದು,

ಆಸ್ಪತ್ರೆಯ ಎರಡನೆಯ ಮಹಡಿ, ಮಕ್ಕಳ ವಾರ್ಡಿನ ಹೊರಗಿನ ಬೆಂಚು
ತಿಂಗಳ ಹನ್ನೊಂದನೆಯ ದಿನ, ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ

ಚಿರಂಜೀವಿ ಮಗನಿಗೆ ಅಪ್ಪನ ಆಶೀರ್ವಾದಗಳು.

ನೀನು ಕ್ಷೇಮವೆಂದು ನಂಬಿದ್ದೇನೆ. ಮೀನು ಕೊಳ್ಳಲೆಂದು ಉತ್ತರ ಬಂದರಿಗೆ ಹೋಗಿ ಇಂದಿಗೆ ಐದು ದಿನವಾಯಿತು. ಹೊತ್ತಿಗೆ ಸರಿಯಾಗಿ ಉಣ್ಣುತ್ತಿರುವೆಯೋ, ಮೊಣಕಾಲಿನ ನೋವು ತಗ್ಗಿತೋ, ಒದ್ದೆ ಬೂಟಿನಲ್ಲೇ ದಿನವಿಡೀ ನಿಲ್ಲುವ ಚಾಳಿಯನ್ನು ಬಿಟ್ಟೆಯೋ ತಿಳಿಯದು. ಬೆಳಗಿನಿಂದ ನಿನ್ನ ಫೋನಿಗೆ ಕರೆ ಹೋಗುತ್ತಿಲ್ಲ. ಆದಕಾರಣ ಈ ಕಾಗದವನ್ನು ಮಂಜುಗಡ್ಡೆ ಲಾರಿಯ ಚಾಲಕನ ಕೈಯಲ್ಲಿ ಕಳುಹಿಸುತ್ತಿದ್ದೇನೆ. ನಾಲ್ಕು ತಾಸಿನೊಳಗೆ ನಿನಗೆ ಮುಟ್ಟಿಸುವುದಾಗಿ ಮಾತು ಕೊಟ್ಟಿದ್ದಾನೆ.

ಎದೆ ಗಟ್ಟಿಮಾಡಿಕೊಂಡು ಓದು. ನಿನ್ನೆ ನಮ್ಮ ಅಂಗಡಿಯಿಂದ ಹೋದ ಕೆಂಪು ಮೀನನ್ನು ತಿಂದವರು ಒಬ್ಬೊಬ್ಬರಾಗಿ ಹಾಸಿಗೆ ಹಿಡಿಯುತ್ತಿದ್ದಾರೆ. ಈವರೆಗೆ ಒಂಬತ್ತು ಮಂದಿ ಇಲ್ಲಿಗೆ ಬಂದಿದ್ದಾರೆ. ನಿನ್ನ ಮಗಳು, ನಮ್ಮ ಗುಬ್ಬಿಯೂ ಅವರಲ್ಲೊಬ್ಬಳು. ವಾಂತಿ ನಿಂತಿದೆ. ಆದರೆ ತುಟಿಯಲ್ಲಿ ಇರುವೆ ಓಡಾಡುತ್ತಿವೆ ಎನ್ನುತ್ತಾಳೆ, ತಣ್ಣೀರು ಕೊಟ್ಟರೆ ಸುಡುತ್ತದೆಂದು ಅಳುತ್ತಾಳೆ. ನಿನ್ನ ಹೆಂಡತಿ ಅವಳ ಅಂಗಾಲುಗಳನ್ನು ಕೈಯಲ್ಲಿ ಹಿಡಿದು ಕುಳಿತವಳು ಬೆಳಗಿನಿಂದ ಎದ್ದಿಲ್ಲ. ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು, "ಅಜ್ಜಾ, ಇದು ಯಾವ ನೀರಿನ ಮೀನು ಅಂತ ಗೊತ್ತಾದ್ರೆ ಅರ್ಧ ಕೆಲಸ ಆದ ಹಾಗೆ. ಎಂಥ ವಿಷ ಅಂತ ತಿಳಿಯುತ್ತೆ. ಈಗ ನಾವು ಕಣ್ಣು ಕಟ್ಟಿಕೊಂಡು ಔಷಧ ಕೊಡ್ತಾ ಇದ್ದೀವಿ" ಎಂದರು. ದಕ್ಷಿಣ ಬಂದರು ಎಂದೆ. ಅವರು ಅಲ್ಲಿಗೆ ಫೋನ್ ಮಾಡಿ ವಿಚಾರಿಸಿ ಬಂದು, ಗಾಳಿಯ ಕಾರಣದಿಂದ ಎಂಟು ದಿನಗಳಿಂದ ಅಲ್ಲಿ ಒಂದು ದೋಣಿಯೂ ಇಳಿದಿಲ್ಲವೆಂದು ತಿಳಿಸಿದರು.

ಇದು ನನಗೆ ತಿಳಿಯದ ವಿಷಯವಲ್ಲ, ಮಗನೇ. ನಲವತ್ತು ವರ್ಷಗಳಿಂದ ನಮ್ಮ ಅಂಗಡಿಯ ಹಲಗೆಯ ಮೇಲೆ ಮೀನಿನ ಹೆಸರು, ಅದು ಬಂದ ನೀರು, ಆಮೇಲೆ ದರ, ಈ ಕ್ರಮದಲ್ಲಿ ನಾನೇ ಬರೆಯುತ್ತ ಬಂದವನು. ಜನ ದರಕ್ಕಿಂತ ಮೊದಲು ನೀರನ್ನು ಓದುತ್ತಾರೆ. ನಿನ್ನೆಯ ರೇಡಿಯೋ ದರಪಟ್ಟಿಯನ್ನೂ ಕೇಳಿದ್ದೆ: ಉತ್ತರ ಬಂದರಿನಲ್ಲಿ ಬಂಗುಡೆ ಅಲ್ಪಸ್ವಲ್ಪ, ದಕ್ಷಿಣ ಬಂದರಿನಲ್ಲಿ ಆವಕವೇ ಇಲ್ಲ, ಕೆಂಪು ಮೀನು ಎಲ್ಲಿಯಾದರೂ ಸಿಕ್ಕರೆ ಕಿಲೋಗೆ ಆರುನೂರ ಎಂಬತ್ತು. ಅದೇ ಹೊತ್ತಿಗೆ ದಲ್ಲಾಳಿಯು ಎರಡು ಪೆಟ್ಟಿಗೆ ಇಳಿಸಿ ದಕ್ಷಿಣ ಬಂದರಿನದು ಎಂದ. ಕಿಲೋಗೆ ನಾಲ್ಕುನೂರಕ್ಕೇ ಮಾರಬಹುದಾದಷ್ಟು ಅಗ್ಗಕ್ಕೆ ಕೊಟ್ಟ. ಪ್ರಾರ್ಥನೆ ಮುಗಿಸಿ ಆಗತಾನೆ ಎದ್ದಿದ್ದೆ. ಊರಿಗೆಲ್ಲ ಇಲ್ಲದ್ದು ನಮ್ಮ ಬಾಗಿಲಿಗೆ ಬಂದಿತೆಂದರೆ ಅದು ಕೃಪೆಯಲ್ಲದೆ ಮತ್ತೇನೆಂದು ಕಣ್ಣಿಗೊತ್ತಿಕೊಂಡು, ಹಲಗೆಯ ಮೇಲೆ ದಕ್ಷಿಣ ಬಂದರು ಎಂದೇ ಬರೆದೆ. ಎದುರುಮನೆಯ ದರ್ಜಿಯಮ್ಮ ಓದಿ, "ಸಮುದ್ರಕ್ಕೇ ರಜೆ ಕೊಟ್ಟಿರೋವಾಗ ನಿಮ್ಮ ಮೀನೇನು ಬಸ್ಸು ಹತ್ತಿಕೊಂಡು ಬಂತಾ ಅಜ್ಜಾ?" ಎಂದು ನಕ್ಕಳು. "ದೇವರು ಕೊಟ್ಟಾಗ ದಾರಿ ಕೇಳಬಾರದಮ್ಮ" ಎಂದೆ. ಅವಳು ನಗುತ್ತಲೇ ಎರಡು ಕಿಲೋ ಕೊಂಡಳು. ಈಗ ಕೆಳಗಿನ ವಾರ್ಡಿನಲ್ಲಿ ಗೋಡೆಯತ್ತ ಮುಖಮಾಡಿ ಮಲಗಿದ್ದಾಳೆ. ಅವಳ ಮುಂದೆ ಹೋಗಿ ನಿಲ್ಲಲು ನನಗೆ ಮುಖವಿಲ್ಲ.

ಬೆಳಗಿನಿಂದ ಮನೆಮನೆಯ ಬಾಗಿಲು ತಟ್ಟಿ ಉಳಿದ ಮೀನನ್ನೆಲ್ಲ ಹೂಳಿಸಿದ್ದೇನೆ. ಯಾರು ಕೊಂಡರೆಂಬುದನ್ನು ನೆನಪಿನಿಂದಲೇ ಹೆಕ್ಕಬೇಕು. ಇಬ್ಬರು ಅಪರಿಚಿತರಿದ್ದರು, ಅವರ ಮುಖ ಎಷ್ಟು ತಡಕಿದರೂ ಸಿಗುತ್ತಿಲ್ಲ. ಪ್ರತಿ ಸಲ ಲಿಫ್ಟಿನ ಬಾಗಿಲು ತೆರೆದಾಗಲೂ ಅವರನ್ನೇ ಹೊತ್ತು ತಂದರೇನೋ ಎಂದು ಎದ್ದು ಹೋಗಿ ನೋಡುತ್ತೇನೆ. ದಲ್ಲಾಳಿಯ ಸುಳಿವಿಲ್ಲ. ನೀನು ಅಲ್ಲಿಯ ದೋಣಿಯವರನ್ನು ವಿಚಾರಿಸಿ, ಈ ವಾರ ಕೆಂಪು ಮೀನು ಯಾವ ನೀರಿನಲ್ಲಿ ಬಲೆಗೆ ಬಿದ್ದಿತೆಂದು ತಿಳಿದು ಒಡನೆ ಆಸ್ಪತ್ರೆಗೆ ಫೋನ್ ಮಾಡು. ಗುಬ್ಬಿ ನಿನ್ನನ್ನು ಕೇಳುತ್ತಿದ್ದಾಳೆ.

ಇಂತು ನಿನ್ನ ಹಿತವನ್ನೇ ಬಯಸುವ,
ಅಪ್ಪ

ಬರೆದ ಮೇಲೆ: ಕಾಗದ ಮಡಿಸುವಷ್ಟರಲ್ಲಿ ದಲ್ಲಾಳಿಯು ಮೆಟ್ಟಿಲ ಬಳಿ ಸಿಕ್ಕ. ಅವನ ಮಾತನ್ನು ಹಾಗೆಯೇ ಬರೆಯುತ್ತೇನೆ: "ನನ್ನ ಕೊರಳಪಟ್ಟಿ ಯಾಕೆ ಹಿಡೀತೀರಿ ಯಜಮಾನರೇ? ಪೆಟ್ಟಿಗೆ ಕಳಿಸಿದ್ದು ನಿಮ್ಮ ಮಗನೇ. ಎಲ್ಲಿಯದು ಅಂತ ನನಗೂ ಹೇಳಲಿಲ್ಲ. ದಕ್ಷಿಣ ಬಂದರು ಅನ್ನು, ಇಲ್ಲದಿದ್ರೆ ಅಪ್ಪ ಬೋರ್ಡಿನಲ್ಲಿ ಬರೆಯೋಲ್ಲ ಅಂದ." ಇದನ್ನು ನಿನ್ನ ಹೆಂಡತಿಗೆ ನಾನು ಹೇಳಿಲ್ಲ. ನಿನ್ನ ಫೋನು ಏಕೆ ಮೌನವಾಗಿದೆಯೆಂದು ಈಗ ಊಹಿಸಬಲ್ಲೆ. ಸುದ್ದಿ ನಿನ್ನ ಕಿವಿಗೂ ಬಿದ್ದಿರಬೇಕು. ಮಗಳು ತಿಂದಳೆಂಬುದು ಬಿದ್ದಿರಲಾರದು. ಏಕೆ ಮಾಡಿದೆ ಎಂದು ಕೇಳುವುದಿಲ್ಲ, ಎಂದೆಂದಿಗೂ ಕೇಳುವುದಿಲ್ಲ, ಇದು ನನ್ನ ಆಣೆ. ನನಗೆ ನಿನ್ನ ಕಾರಣ ಬೇಡ, ಆ ನೀರಿನ ಹೆಸರು ಬೇಕು. ಡಾಕ್ಟರಮ್ಮನ ನಂಬರು ಕಾಗದದ ಹಿಂದಿದೆ. ನಿನ್ನ ಫೋನು ಬೇಡವೆಂದರೆ ಚಾಲಕನ ಫೋನಿನಿಂದ ಮಾಡು, ಯಾರೆಂದು ಹೇಳದಿದ್ದರೂ ಸರಿ. ಅವನು ಕೆಳಗೆ ಹಾರ್ನ್ ಹಾಕುತ್ತಿದ್ದಾನೆ. ಒಳಗಿನ ಮಗುವನ್ನೂ, ಅವಳ ತಾಯಿಯನ್ನೂ, ದರ್ಜಿಯಮ್ಮನನ್ನೂ, ನಾನು ಮುಖ ಮರೆತ ಆ ಇಬ್ಬರನ್ನೂ, ದಲ್ಲಾಳಿಯನ್ನೂ, ಈ ಕಾಗದವನ್ನು ಹಿಡಿದಿರುವ ನಿನ್ನ ಕೈಗಳನ್ನೂ ಭಗವಂತನು ಕಾಪಾಡಲಿ.