ಮಿನುಗುವಷ್ಟು ಹೊತ್ತು

ಅಪ್ಪಾ,

ನಿನ್ನ ಕ್ಷೇಮ ಕೇಳುವ ಹಾಗಿಲ್ಲ, ನಾವು ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಆಫೀಸಿನಲ್ಲಿ ಟೈಪ್ ಮಾಡುತ್ತಿದ್ದವಳು ಸುಮ್ಮನೆ ಎದ್ದು ಹೋಗಿ ನೀರು ಕುಡಿದು ಬರುತ್ತೇನೆ, ಬಾಯಾರಿಕೆಯೇ ಇರುವುದಿಲ್ಲ. ನಿನಗೊಂದು ವಿಷಯ ಹೇಳಬೇಕು. ಹೇಳಿಬಿಟ್ಟರೆ ಈ ಚಡಪಡಿಕೆ ಇಳಿದೀತೋ ಏನೋ.

ಗ್ರಾಂಟ್ ರೋಡಿನ ಆ ವಿಡಿಯೋ ಗೇಮ್ ಪಾರ್ಲರ್ ನೆನಪಿದೆಯಾ? ಪಕ್ಕದ ಉಡುಪಿ ಹೋಟೆಲಿನಲ್ಲಿ ಕಾಫಿ ಕುಡಿದು ಕುರ್ಲಾದ ಮನೆಗೆ ಹೊರಡಬೇಕಾದವರು ನಾವು. 'ಐದೇ ನಿಮಿಷ' ಎಂದು ನಿನ್ನನ್ನು ಎಳೆದುಕೊಂಡು ಹೋದೆ. ನಿನ್ನ ಹಣೆಯಲ್ಲಿ ಅಂಗಾರ ಅಕ್ಷತೆ, ಕೈಯಲ್ಲಿ ಛತ್ರಿ, ಸುತ್ತ ಕಾಲೇಜು ಹುಡುಗರ ಗಲಾಟೆ. ಬೀದಿಯುದ್ದಕ್ಕೂ ಗೂಂಡಾಗಳನ್ನು ಹೊಡೆಯುತ್ತ ಹೋಗುವ ಆಟ ನೋಡಿ ನೀನು ಕೇಳಿದ್ದು ಒಂದೇ: "ಅಲ್ಲ ಕಣೆ, ಈಗ ತಾನೆ ಸತ್ತನಲ್ಲ, ಮತ್ತೆ ಹ್ಯಾಗೆ ಬಂದ?"

ನಾನು ಮೇಷ್ಟ್ರಾದೆ. ಒಂದು ಆಟಕ್ಕೆ ಮೂರು ಲೈಫ್ ಅಪ್ಪ, ಒಂದು ಹೋದರೆ ಇನ್ನೊಂದು ಬಿದ್ದ ಜಾಗಕ್ಕೇ ಬಂದು ಇಳಿಯುತ್ತೆ, ಮೊದಲಿಂದ ಶುರು ಮಾಡಬೇಕಿಲ್ಲ. ತೆರೆಯ ಮೇಲಿನ ನಿನ್ನ ಶಕ್ತಿಯ ಪಟ್ಟಿ ಪೂರ್ತಿ ತುಂಬಿರುತ್ತೆ. ಆದರೆ ನೀನು ಅರ್ಧ ಸಾಯಿಸಿದ ಗೂಂಡಾ ಅರ್ಧ ಸತ್ತೇ ಇರುತ್ತಾನೆ. "ಹಾಗಾದ್ರೆ ಕೊಟ್ಟ ಪೆಟ್ಟು ದಂಡವಾಗೋದಿಲ್ಲ!" ಎಂದು ನೀನು ಎಷ್ಟು ಖುಷಿಪಟ್ಟೆ. ಪಕ್ಕದ ಮಶೀನಿನ ಕುಸ್ತಿ ಮಾತ್ರ ನಿನಗೆ ಹಿಡಿಸಲಿಲ್ಲ. ಅದರಲ್ಲಿ ಒಬ್ಬ ಬಿದ್ದರೆ ಇಬ್ಬರೂ ಪೂರ್ತಿ ಶಕ್ತಿಯಲ್ಲಿ ಎದ್ದು ಎರಡನೇ ಸುತ್ತು ಶುರು. "ಇದು ನಮ್ಮ ಬಿಲ್ಡಿಂಗಿನ ಮೀಟಿಂಗ್ ಇದ್ದ ಹಾಗಿದೆ, ಪ್ರತಿ ಸಲ ಮೊದಲಿಂದ" ಎಂದು ನೀನು ಗೊಣಗಿದ್ದೆ.

ನೀನು ಆಡುವುದನ್ನು ನೋಡಿದರೆ ನಗು ಬರುತ್ತಿತ್ತು, ಮೈಯೂ ಉರಿಯುತ್ತಿತ್ತು. ಹೊಸ ಲೈಫ್ ಬಂದಾಗ ನಿನ್ನ ಗೊಂಬೆ ಒಂದಿಷ್ಟು ಹೊತ್ತು ಮಿಣಮಿಣ ಮಿನುಗುತ್ತದೆ. ಆಗ ಯಾರ ಏಟೂ ತಗಲುವುದಿಲ್ಲ, ನಿನ್ನ ಏಟು ಮಾತ್ರ ತಗಲುತ್ತದೆ. ನುಗ್ಗಬೇಕಾದ್ದೇ ಆಗ. ನೀನೋ, ಗೊಂಬೆಯನ್ನು ಮೂಲೆಗೆ ನಡೆಸಿ, ಕನ್ನಡಕ ತೆಗೆದು ಒರೆಸುತ್ತ ನಿಲ್ಲುತ್ತಿದ್ದೆ! "ಅಂಕಲ್, ಅಭೀ ಮಾರೋ! ಅಭೀ ಕೋಯಿ ಛೂ ನಹೀ ಸಕ್ತಾ!" ಈಗಲೇ ಹೊಡೀರಿ, ಈಗ ಯಾರೂ ಮುಟ್ಟಲಾರರು ಎಂದು ಹುಡುಗರು ಅರಚುತ್ತಿದ್ದರು. "ಪೆಟ್ಟು ತಿಂದವನು ಸ್ವಲ್ಪ ಸುಧಾರಿಸಿಕೊಳ್ಳಬೇಡವೇನಮ್ಮ?" ಎಂದು ನೀನು ನನ್ನನ್ನೇ ಕೇಳುತ್ತಿದ್ದೆ. ಅಷ್ಟರಲ್ಲಿ ಮಿನುಗು ನಿಂತು ನಾಲ್ಕೂ ಕಡೆಯಿಂದ ಗೂಂಡಾಗಳು.

ಆಮೇಲೆ ಆ ಬೆಳಿಗ್ಗೆ. ಸ್ಟೇಷನ್ನಿನ ಬ್ರಿಜ್ ಹತ್ತುತ್ತಿದ್ದವನು ಎದೆ ಹಿಡಿದುಕೊಂಡು ಕೂತೆಯಂತೆ, ಯಾರೋ ನೀರು ಕೊಡುವಷ್ಟರಲ್ಲಿ... ಬೇಡ, ಅದನ್ನು ಬರೆಯಲಾರೆ. ಮೈಸೂರಿನಿಂದ ನಿನ್ನ ಅಣ್ಣ ಬಂದರು. ಸೂತಕದ ಮನೆಯಲ್ಲವೇ, ಯಾರೂ ನಮ್ಮನ್ನು ಮುಟ್ಟುವಂತಿಲ್ಲ. ಪಕ್ಕದ ಮನೆಯ ಮರಾಠಿ ಕಾಕು ಊಟದ ಡಬ್ಬಿಯನ್ನು ಹೊಸ್ತಿಲಲ್ಲಿಟ್ಟು ಹೋಗುತ್ತಿದ್ದಳು. ಮಾತಿನ ಏಟನ್ನೂ ಯಾರೂ ಕೊಡುತ್ತಿರಲಿಲ್ಲ. ಜೋರಾಗಿ ನಕ್ಕರೂ ಗದರುತ್ತಿದ್ದ ದೊಡ್ಡಪ್ಪ 'ಮಗು, ಮಗು' ಎನ್ನುತ್ತಿದ್ದರು. ನಾನು ಗೋಡೆಗೊರಗಿ ಕೂತೇ ಇದ್ದೆ.

ಹತ್ತನೆಯ ದಿನ ಅವರು ಪುರೋಹಿತರಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. ಕುರ್ಲಾದ ರೂಮು ಬಿಡುವುದು, ಅಮ್ಮನಿಗೆ ಮೈಸೂರಿನ ಅವರ ಮನೆಯ ಹಿಂದಿನ ಕೋಣೆ, ವರ್ಷದೊಳಗೆ ನನ್ನ ಮದುವೆ. ಅಮ್ಮನನ್ನು ಕೇಳಿದ್ದರಾ? ನನ್ನನ್ನು? "ಹದಿಮೂರನೆಯ ದಿನದ ಶುಭಸ್ವೀಕಾರ ಆಗಲಿ, ಆಮೇಲೆ ಕೂರಿಸಿ ಹೇಳಿದರಾಯ್ತು. ಈಗಲೇ ಯಾಕೆ ನೋಯಿಸೋದು?" ಎಂದರು ದೊಡ್ಡಪ್ಪ. ನನಗೆ ಆಗ ಹೊಳೆಯಿತು. ಇದು ಮಿನುಗುವ ಹೊತ್ತು ಅಪ್ಪ, ನಾನು ಮೂಲೆಯಲ್ಲಿ ಕೂತು ಅದನ್ನು ಕಳೆಯುತ್ತಿದ್ದೇನೆ! ಮೂರು ದಿನ ತಡೆದರೆ ಈ ಮೃದು ಮಾತುಗಳೆಲ್ಲ ಮುಗಿದು...

ಎದ್ದು ಹೋದೆ. "ದೊಡ್ಡಪ್ಪ, ರೂಮು ಬಿಡೋದಿಲ್ಲ. ನನ್ನ ಸಂಬಳ ಇದೆ, ನಾನೂ ಅಮ್ಮನೂ ಇಲ್ಲೇ ಇರ್ತೀವಿ. ಮದುವೆ ಮಾತು ಈಗ ಬೇಡ." ಅವರು ಪುರೋಹಿತರ ಮುಖ ನೋಡಿದರು. ಬೇರೆ ದಿನವಾಗಿದ್ದರೆ ಬಿಲ್ಡಿಂಗ್ ಅದುರಬೇಕಿತ್ತು. ಕೊನೆಗೆ ಅಡುಗೆಮನೆ ಕಡೆ ತಿರುಗಿ, "ನೀನೇನಂತೀಯಮ್ಮ?" ಎಂದರು. ಭಾವನೆದುರು ಒಂದು ದಿನವೂ ದನಿ ಎತ್ತಿದವಳಲ್ಲ ಅಮ್ಮ. "ಅವಳ ಮಾತೇ ನನ್ನ ಮಾತು" ಎಂದಳು, ಅಷ್ಟೇ.

ಸುಲಭವಾಗಿ ಮುಗಿಯಿತು ಅಂದುಕೊಳ್ಳಬೇಡ. ಈಗ ಪೆಟ್ಟುಗಳು ಬೀಳುತ್ತಿವೆ. ಗಂಡು ದಿಕ್ಕಿಲ್ಲದ ಮನೆ ಎಂದು ದೊಡ್ಡಪ್ಪ, ವರ್ಷ ತುಂಬುವ ತನಕ ನಿಮ್ಮಮ್ಮ ಹೊಸ್ತಿಲು ದಾಟಬಾರದು ಎಂದು ದೊಡ್ಡಮ್ಮ ಬರೆದಿದ್ದಾರೆ. ನನಗೆ ಭಯ ಅಪ್ಪ. ಹೀಗೆ ಅರ್ಧಕ್ಕೆ ಬಿಟ್ಟು ಹೋದ ನಿನ್ನ ಮೇಲೆ ಸಿಟ್ಟೂ ಬರುತ್ತದೆ. ಅಮ್ಮನನ್ನು ಇಲ್ಲಿ ಉಳಿಸಿಕೊಂಡು ತಪ್ಪು ಮಾಡಿದೆನಾ? ಇಷ್ಟು ವರ್ಷವಾದರೂ ಒಂದು ಸಲವೂ ಒಬ್ಬಳೇ ಲೋಕಲ್ ರೈಲು ಹತ್ತಿರಲಿಲ್ಲ. ದಿನವಿಡೀ ಆ ಒಂದು ಕೋಣೆಯಲ್ಲಿ ಏನು ಮಾಡಿಯಾಳು ಎಂದುಕೊಳ್ಳುತ್ತಿದ್ದೆ.

ನಿನ್ನೆ ಸಂಜೆ ಊಟಕ್ಕೆ ಬಡಿಸುತ್ತ, "ನನಗೂ ಒಂದು ಪಾಸ್ ಮಾಡಿಸೇ" ಎಂದಳು. ದಾದರಿನ ಕನ್ನಡ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುವವರು ಬೇಕಂತೆ, ಹೋಗಿ ಕೇಳಿ ಬಂದಿದ್ದಾಳೆ, ಸೋಮವಾರದಿಂದ ಬನ್ನಿ ಎಂದರಂತೆ. ಒಬ್ಬಳೇ! "ಮೊದಲು ಉಲ್ಟಾ, ಠಾಣೆ ಊರಿನ ಕಡೆ ಹೋಗೋ ಗಾಡಿ ಹತ್ತಿಬಿಟ್ಟೆ. ಇಳಿದು ವಾಪಸ್ ಬಂದು ಸರಿಯಾದದ್ದು ಹತ್ತಿದೆ" ಎಂದಳು, ಸಾರು ಬಡಿಸುವಷ್ಟೇ ಸಹಜವಾಗಿ. ಸೋಮವಾರ ರಜೆ ಹಾಕಿ ಜೊತೆಗೆ ಬರುತ್ತೇನೆ ಎಂದೆ.

"ಬೇಡ. ಲೇಡೀಸ್ ಡಬ್ಬಾ ಎಲ್ಲಿ ನಿಲ್ಲುತ್ತೆ ಅಂತ ನನಗೀಗ ಗೊತ್ತು" ಎಂದಳು ಅಮ್ಮ.

ನಿನ್ನ
ವಸು