ಟೆಂಡರ್ ಎಂಬ ಮೆತ್ತನೆಯ ಮಾತು

ಶಿರಹಟ್ಟಿ
೧೬ ಫೆಬ್ರುವರಿ ೧೯೭೮, ಗುರುವಾರ

ಮಗಳೇ ಶಮಶಾದ,

ನಿನ್ನ ಅಪ್ಪ ಮೌಲಾಸಾಬನ ದುವಾ ನಿನ್ನ ತಲೆಯ ಮೇಲಿರಲಿ. ಮೊದಲು ನಿನ್ನ ಮೈ ಹೇಗಿದೆ ಹೇಳು. ದಿನವಿಡೀ ವಾರ್ಡಿನಲ್ಲಿ ನಿಂತು ಕಾಲು ಬಾಯುತ್ತವೆ ಎಂದು ಬರೆದಿದ್ದೆಯಲ್ಲ, ಬಾವು ಇಳಿಯಿತೇ? ಮಲಗುವಾಗ ಕಾಲ ಕೆಳಗೆ ದಿಂಬು ಇಟ್ಟುಕೋ. ನಾನು ಕೊಟ್ಟ ದಿಂಬನ್ನು ನಿನ್ನ ಕೋಣೆಯ ಹುಡುಗಿ ಕಸಿದುಕೊಂಡಿದ್ದಾಳಂತೆ. ಅವಳಿಗೂ ಒಂದು ಮಾಡಿ ಕಳಿಸುತ್ತೇನೆ, ನಿನ್ನದನ್ನು ನೀನು ಮರಳಿ ತೆಗೆದುಕೋ. ನರ್ಸಿಂಗ್ ಓದುವವರು ತಮ್ಮ ಕಾಲನ್ನೇ ನೋಡಿಕೊಳ್ಳದಿದ್ದರೆ ಊರವರನ್ನು ಏನು ನೋಡುತ್ತೀರಿ? ಹುಬ್ಬಳ್ಳಿಯ ಹಾಸ್ಟೆಲಿನ ಚಪಾತಿ ಎಕ್ಕಡದ ಅಟ್ಟೆಯಂತಿರುತ್ತದೆ ಎಂದು ನೀನು ಬರೆದದ್ದನ್ನು ನಿನ್ನ ಅವ್ವನಿಗೆ ಓದಿ ಹೇಳಿದೆ. ನಕ್ಕಳು. ನಗುತ್ತಲೇ ಬಲಪಕ್ಕೆ ಹಿಡಿದುಕೊಂಡು ಗೋಡೆಗೆ ಒರಗಿದಳು.

ಅದನ್ನೇ ಬರೆಯಬೇಕಾಗಿದೆ. ಅವಳು ಬರೆಯಬೇಡ ಎಂದಿದ್ದಾಳೆ. “ಶಮ್ಮೂಗ ತಿಳಿಸಬ್ಯಾಡ್ರಿ, ಪರೀಕ್ಷಾ ಬಿಟ್ಟು ಓಡಿ ಬರ್ತಾಳ” ಎಂದು ಆಣೆ ಹಾಕಿಸಿಕೊಂಡಿದ್ದಾಳೆ. ಪಕ್ಕೆಲುಬಿನ ಕೆಳಗೆ ಬಲಗಡೆ ನೋವು. ದೀಪಾವಳಿಯ ಹೊತ್ತಿಗೆ ಶುರುವಾದದ್ದು ಬರುತ್ತದೆ, ಹೋಗುತ್ತದೆ. ಈಗ ಹೋಗುವುದು ಕಡಿಮೆಯಾಗಿದೆ. ಕೇಳಿದರೆ “ಗ್ಯಾಸ ಐತಿ” ಎಂದು ಅಜವಾನ ಅಗಿಯುತ್ತಾಳೆ. ಅಲ್ಲಿ ಕೈ ಇಡಲು ಮಾತ್ರ ಬಿಡುವುದಿಲ್ಲ, ಸೆರಗು ತಾಗಿದರೂ ಮುಖ ಕಿವುಚುತ್ತಾಳೆ. ಗದಗಿಗೆ ಹೋಗಿ ಡಾಕ್ಟರಿಗೆ ತೋರಿಸೋಣ ಎಂದರೆ, “ಗದಿಗೆವ್ವ ತನ್ನ ಕಾಲ ಮ್ಯಾಲ ಗದಗಕ್ಕ ಹೋಗಿ ಬಂದ್ಲು. ಆಮ್ಯಾಲ ಹಾಸಿಗಿ ಬಿಟ್ಟು ಎದ್ದ್ಲೇನು?” ಎಂದು ನನ್ನ ಬಾಯಿ ಮುಚ್ಚಿಸುತ್ತಾಳೆ. ಗದಿಗೆವ್ವ ಎಂದರೆ ರಸ್ತೆ ಕಂತ್ರಾಟುದಾರ ದೇವೇಂದ್ರಪ್ಪನ ತಾಯಿ. ಕಳೆದ ಮಳೆಗಾಲದಲ್ಲಿ ತೀರಿಕೊಂಡಳು, ನಿನಗೆ ಬರೆದಿದ್ದೆ.

ಈಗ ನಾನು ಹೇಳುವುದನ್ನು ಕೇಳಿ ನಿನ್ನ ಅಪ್ಪನ ತಲೆ ಕೆಟ್ಟಿದೆ ಎಂದುಕೊಳ್ಳಬೇಡ. ಒಂದು ಇಂಗ್ಲಿಷ್ ಮಾತಿನ ಸಂಗತಿ ಇದು. ನನ್ನ ಇಂಗ್ಲಿಷ್ ನಿನಗೆ ಗೊತ್ತೇ ಇದೆ. ಹತ್ತಿಯ ಅಂಡಿಗೆ, ಮೂಟೆಗಳ ಮೇಲೆ ಮಸಿಯಲ್ಲಿ ಬರೆದ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಕಲಿತದ್ದು. ನಿನ್ನ ಪಠ್ಯಪುಸ್ತಕದ ಹೊದಿಕೆಯನ್ನು ಓದಿ ಅರ್ಥ ಕೇಳಿದಾಗ ನೀನು ನಗುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ದೇವೇಂದ್ರಪ್ಪ ಒಂದು ಹಳೆಯ ಗಾದಿಯನ್ನು ಬಂಡಿಯಲ್ಲಿ ಹಾಕಿ ಕಳಿಸಿದ. ಮಗಳು ಶಾರದವ್ವ ಬಾಣಂತನಕ್ಕೆ ತವರಿಗೆ ಬರುತ್ತಾಳೆ, ಹತ್ತಿ ಬಿಡಿಸಿ ಹಿಂಜಿ ಹೊಸದರಂತೆ ಮೆತ್ತಗೆ ಮಾಡಿಕೊಡು ಎಂದು ಹೇಳಿಕಳಿಸಿದ್ದ. ನಮ್ಮ ಮನೆತನದಲ್ಲಿ ಒಂದು ಕಟ್ಟಳೆ ಇದೆ, ನಿನಗೂ ಗೊತ್ತು. ಒಬ್ಬರು ಜೀವ ಬಿಟ್ಟ ಗಾದಿಯ ಹತ್ತಿಯನ್ನು ನಮ್ಮ ಹಿಂಜುವ ಬಿಲ್ಲಿಗೆ ತಾಗಿಸುವುದಿಲ್ಲ. ನಿನ್ನ ಅಜ್ಜ ಅಂಥ ಹತ್ತಿಯನ್ನು ಮಣ್ಣಿನಲ್ಲಿ ಹೂಳುತ್ತಿದ್ದ. ಅದಕ್ಕೆ ನಾನೇ ದೇವೇಂದ್ರಪ್ಪನ ಮನೆಗೆ ಹೋಗಿ ಕೇಳಿದೆ. “ಅದು ಬೀಗರ ಕೋಣೀದು ಲೇ ಮೌಲಾ. ಗಾದಿಗೂ ಜಾತಕ ಕೇಳ್ತಿಯೇನು?” ಎಂದು ನಕ್ಕ. ಅಲ್ಲಿದ್ದವರೂ ನಕ್ಕರು. ನಾನೂ ನಕ್ಕು ಬಂದೆ.

ಪಡಸಾಲೆಯಲ್ಲಿ ಕುಳಿತು ಹೊಲಿಗೆ ಬಿಚ್ಚಿದೆ. ಮಲಗಿದವರ ಮೈ ಹತ್ತಿಯಲ್ಲಿ ಉಳಿಯುತ್ತದೆ ಮಗಳೇ, ಬೆನ್ನು ಒತ್ತಿದಲ್ಲಿ, ಭುಜ ಒತ್ತಿದಲ್ಲಿ ಗಂಟುಗಟ್ಟುತ್ತದೆ. ಬೀಗರು ಅಂಗಾತ ಮಲಗಿ ಕೈಕಾಲು ಚಾಚುತ್ತಾರೆ. ಈ ಗಾದಿಯಲ್ಲಿ ಯಾರೋ ಒಂದೇ ಮಗ್ಗುಲಲ್ಲಿ, ಮೊಣಕಾಲನ್ನು ಹೊಟ್ಟೆಗೆ ಎಳೆದುಕೊಂಡು, ತಿಂಗಳುಗಟ್ಟಲೆ ಮುದುಡಿ ಮಲಗಿದ ಗುರುತಿತ್ತು. ಮೇಲಿನ ಬಟ್ಟೆ ತೆಗೆದಾಗ ಅದು ಇನ್ನೂ ಮಲಗಿಯೇ ಇದೆಯೇನೋ ಅನ್ನಿಸಿತು. ಬಿಸಿಲಿನಲ್ಲಿ ಒಣಗಿಸಿದರೂ ಆ ಗುಂಡಿ ಮಾತ್ರ ತಂಪಾಗಿತ್ತು. ಕಟ್ಟಳೆ ನಮ್ಮ ಮನೆತನದ್ದು, ಗಾದಿ ಅವರದು, ಅವರು ಹೇಳಿದ ಮಾತನ್ನು ನಂಬಬೇಕು ಎಂದು ನನಗೆ ನಾನೇ ಹೇಳಿಕೊಂಡು ಬಿಲ್ಲು ಇಳಿಸಿದೆ.

ಬಿಲ್ಲಿನ ದನಿ ನಿನಗೆ ಜೋಗುಳದಂತೆ ಗೊತ್ತು. ಮರದ ಗುಂಡಿನಿಂದ ತಂತಿಗೆ ಹೊಡೆದರೆ ಟಂಯ್ಯ್ ಎನ್ನುತ್ತದೆ, ಹತ್ತಿ ಹಾರುತ್ತದೆ. ಅಂದು ಹಾಗೆ ಅನ್ನಲಿಲ್ಲ. ಹೊಡೆದಾಗ ‘ಟೆಂ’ ಎಂದಿತು, ತಂತಿ ಹತ್ತಿಯಿಂದ ಬಿಡಿಸಿಕೊಳ್ಳುವಾಗ, ಯಾರೋ ಉಸಿರು ಬಿಟ್ಟ ಹಾಗೆ, ‘ಡರ್’ ಎಂದಿತು. ತಂತಿ ಸಡಿಲಾಗಿದೆ ಎಂದುಕೊಂಡು ಬಿಗಿ ಮಾಡಿದೆ. ಟೆಂಡರ್. ತಂತಿಯನ್ನೇ ಬದಲಿಸಿದೆ. ಟೆಂಡರ್. ಆ ಹತ್ತಿಯನ್ನು ಬದಿಗೆ ಸರಿಸಿ ಲಕ್ಷ್ಮೇಶ್ವರದಿಂದ ತಂದ ಹೊಸ ಅರಳೆಯ ಮೇಲೆ ಹೊಡೆದರೆ ಎಂದಿನಂತೆ ಟಂಯ್ಯ್. ಮತ್ತೆ ಹಳೆಯದರ ಮೇಲೆ ಹೊಡೆದರೆ ಆ ಮಾತು. ಜೋರಾಗಿ ಅಲ್ಲ, ನೋವಿದ್ದವರು ಹಲ್ಲು ಕಚ್ಚಿ ಹೇಳಿದ ಹಾಗೆ.

ನನಗೆ ಆ ಮಾತಿಗೆ ಇದ್ದ ಅರ್ಥ ಒಂದೇ, ರಸ್ತೆ ಗುತ್ತಿಗೆ. ಚಹಾದಂಗಡಿಯ ಖಾಸಿಂಸಾಬನಿಗೆ ಹೇಳಿದೆ. ಅವನಿಗೆ ಹೇಳಬಾರದಿತ್ತು. “ಮಾಮಾ, ಕಂತ್ರಾಟುದಾರರ ಮನಿ ಹತ್ತಿ ಅದು, ಟೆಂಡರ್ ಹಾಕಾಕ ಹತ್ತೇತಿ. ನೀವೂ ಒಂದು ಹಾಕಿಬಿಡ್ರಿ, ಮುಂಡರಗಿ ರಸ್ತಾದಾಗ ಬರೇ ಹತ್ತಿ ಹಾಸೂಣು” ಎಂದ. ಕುಂತವರೆಲ್ಲ ನಕ್ಕು ಬಶಿಯಲ್ಲಿನ ಚಹಾ ಮೈಮೇಲೆ ಚೆಲ್ಲಿಕೊಂಡರು. ಮನೆಯಲ್ಲಿ ಮಾತ್ರ ನಾನು ಬಾಯಿ ಬಿಡಲಿಲ್ಲ. ಕಟ್ಟಳೆ ಮೀರಿದ ಗಾದಿ ಮನೆಯೊಳಗಿದೆ ಎಂದು ತಿಳಿದರೆ ನಿನ್ನ ಅವ್ವ ಮೊದಲೇ ಬೇನೆಯವಳು, ಹೆದರಿ ಇನ್ನಷ್ಟು ಸೊರಗುತ್ತಾಳೆ.

ಆಮೇಲೆ ವಿರೂಪಾಕ್ಷಪ್ಪ ಮಾಸ್ತರರ ಹತ್ತಿರ ಹೋದೆ, ನಿನಗೆ ಇಂಗ್ಲಿಷ್ ಕಲಿಸಿದವರೇ. ಅವರು ನಗಲಿಲ್ಲ. ಕನ್ನಡಕ ಒರೆಸಿಕೊಂಡು, “ಗುತ್ತಿಗಿ ಒಂದೇ ಅಲ್ಲ ಮೌಲಾಸಾಬ, ಅದಕ್ಕ ಚಲೋ ಅರ್ಥಾನೂ ಐತಿ. ಗುಣ ಹೇಳೂ ಶಬ್ದ ಅದು. ಮೆತ್ತಗಿದ್ದದ್ದು ಟೆಂಡರ್. ಎಳೀ ಸೌತಿಕಾಯಿ ಟೆಂಡರ್, ಸಣ್ಣ ವಯಸ್ಸು ಟೆಂಡರ್. ಮನಸಿನಾಗ ಮಮತಾ ಇದ್ರ ಅದೂ ಟೆಂಡರ್. ನಿನ್ನ ಹೇಣ್ತಿ ರಸೂಲಬಿ ಬೆಕ್ಕಿನ ಮರಿಗೆ ಹಾಲು ಹಾಕ್ತಾಳಲ್ಲಾ, ಹಂಗ” ಎಂದರು. ನನ್ನ ಎದೆ ಹಗುರಾಯಿತು. ಇಷ್ಟು ಒಳ್ಳೆಯ ಮಾತಿಗೆ ಇಷ್ಟು ಅಂಜಿದೆನಲ್ಲ ಎಂದುಕೊಂಡೆ. ದಾರಿಯುದ್ದಕ್ಕೂ ಆ ಮಾತನ್ನು ಬಾಯಲ್ಲಿ ಹೊರಳಿಸುತ್ತ ಬಂದೆ. ನೀನು ಹುಟ್ಟಿದಾಗ ನಿನ್ನ ನೆತ್ತಿ ಪುಟಪುಟ ಬಡಿದುಕೊಳ್ಳುತ್ತಿತ್ತು, ನನ್ನ ಒರಟು ಬೆರಳು ಅಲ್ಲಿಗೆ ಹೋದರೆ ನಿನ್ನ ಅವ್ವ ಕೈ ಸರಿಸುತ್ತಿದ್ದಳು. ಅದು ಟೆಂಡರ್. ಹೀಗೆ ಒಂದೊಂದನ್ನೇ ಜೋಡಿಸಿಕೊಂಡು ಖುಷಿಯಿಂದ ಮನೆಗೆ ಬಂದರೆ ದೇವೇಂದ್ರಪ್ಪನ ಮನೆಕೆಲಸದ ಉಡಚವ್ವ ಕಟ್ಟೆಯ ಮೇಲೆ ಕುಳಿತಿದ್ದಳು.

ಗಾದಿ ಆಯಿತೇ ಎಂದು ಕೇಳಲು ಬಂದವಳು ಬಿಚ್ಚಿದ ಹತ್ತಿಯ ಕಡೆ ನೋಡಲೇ ಇಲ್ಲ. ಇದು ಯಾರದು ಎಂದು ನಾನು ಕೇಳಿದೆ. ಹೇಳಿದಳು. “ನಮ್ಮ ಗದಿಗೆವ್ವಂದ ರೀ. ಸಾಹುಕಾರ್ರಿಗೆ ಯಾವ ಗಾದಿ ಯಾರದಂತ ಏನ ಗೊತ್ತು? ಗಾದಿ ಹಾಸಿದಾಕಿ ನಾನು.” ಆಮೇಲೆ ಗದಗಿನ ಸಂಗತಿ ಹೇಳಿದಳು, ಅವಳೂ ಜೊತೆಗೆ ಹೋಗಿದ್ದಳು. ಡಾಕ್ಟರು ಗದಿಗೆವ್ವನ ಹೊಟ್ಟೆಯ ಬಲಗಡೆ ಬೆರಳು ಒತ್ತಿ, ಪಕ್ಕದಲ್ಲಿದ್ದ ಸಹಾಯಕನಿಗೆ ‘ಟೆಂಡರ್’ ಎಂದರಂತೆ. ದೇವೇಂದ್ರಪ್ಪ ತನ್ನನ್ನೇ ಕೇಳಿದರೆಂದು ತಿಳಿದು, “ಹೌದ್ರಿ ಸಾಹೇಬ್ರ, ಮುಂಡರಗಿ ರಸ್ತಾದ್ದು ಹಾಕೀನ್ರಿ, ಇನ್ನ ಆರ್ಡರ್ ಬಂದಿಲ್ಲ” ಎಂದು ಶುರು ಮಾಡಿದನಂತೆ. ಅವನ ಮಾತು ಮುಗಿಯುವಷ್ಟರಲ್ಲಿ ಡಾಕ್ಟರು ಬೇರೆ ರೋಗಿಯ ಕಡೆ ಹೋಗಿದ್ದರು. ಹದಿನೈದು ದಿನ ಬಿಟ್ಟು ಮತ್ತೆ ಕರೆತರಲು ಹೇಳಿದ್ದರಂತೆ, ಯಾರೂ ಕರೆದೊಯ್ಯಲಿಲ್ಲ. ಆದರೆ ಮುದುಕಿ ಆ ಮಾತನ್ನು ಹಿಡಿದುಕೊಂಡಳು. ಒತ್ತಿದಾಗ ಆಗುವ ನೋವಿಗೆ ದವಾಖಾನೆಯವರು ಇಟ್ಟ ಹೆಸರು ಅದು ಎಂದು ಅವಳಿಗೊಬ್ಬಳಿಗೇ ತಿಳಿಯಿತು. ಮಗ ಮಗ್ಗುಲು ಬದಲಿಸಲು ಬಂದಾಗಲೆಲ್ಲ, “ಮುಟ್ಟಬ್ಯಾಡೋ ತಮ್ಮಾ, ಟೆಂಡರ್ ಐತಿ” ಎನ್ನುತ್ತಿದ್ದಳಂತೆ. ಅವನು ಹೊರಗೆ ಬಂದು, “ನೋಡ್ರಿ, ಅವ್ವಗೂ ನನ್ನ ಟೆಂಡರಿಂದ ಚಿಂತಿ ಹತ್ತೇತಿ” ಎಂದು ಬಂದವರಿಗೆಲ್ಲ ಹೇಳಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದನಂತೆ.

ನಾನು ಮತ್ತೆ ಮಾಸ್ತರರ ಮನೆಗೆ ಹೋದೆ. ಉಡಚವ್ವ ಹೇಳಿದ್ದನ್ನು ಅವರ ಮುಂದೆ ಇಟ್ಟೆ. “ಅದೂ ಖರೆ. ಮುಟ್ಟಿದ್ರ ನೋಯುವಷ್ಟು ಮೆತ್ತಗಾದ ಜಾಗಾಕ್ಕೂ ಅದೇ ಶಬ್ದ. ನಾ ಸಾಲ್ಯಾಗ ಅದನ್ನ ಕಲಿಸ್ಲೇ ಇಲ್ಲ” ಎಂದರು.

ಹಿಂಜುವುದನ್ನು ಅಲ್ಲಿಗೇ ಬಿಟ್ಟು ಗಾದಿಯ ಹತ್ತಿಯನ್ನು ದೇವೇಂದ್ರಪ್ಪನ ಮನೆಗೆ ತಿರುಗಿ ಒಯ್ದು, ಅದು ಆಡಿದ ಮಾತನ್ನು ಹೇಳಿದೆ. “ಹತ್ತಿಗೇನ ಬಾಯಿ ಐತೇನಲೇ?” ಎಂದು ಮೊದಲು ಗದರಿದ. ಆ ಮಾತಿನ ಅರ್ಥ ಹೇಳಿದೆ, ಅಷ್ಟೇ. ಅವನು ಜಗಲಿಯ ಮೇಲೆ ಕುಳಿತುಬಿಟ್ಟ. “ಹಂಗಾರ ಡಾಕ್ಟರ್ ನನ್ನ ಕೇಳಿದ್ದಲ್ಲೇನು?” ಎಂದು ನನ್ನನ್ನಲ್ಲ, ಅಂಗಳವನ್ನು ಕೇಳಿದ. ಸಂಜೆ ತನ್ನ ಕೈಯಾರೆ ಹೊಲದಲ್ಲಿ ಗುಂಡಿ ತೋಡಿ ಹತ್ತಿಯನ್ನು ಹೂಳಿದನೆಂದು ಉಡಚವ್ವ ಬಂದು ಹೇಳಿದಳು.

ಇಲ್ಲಿಗೆ ಮುಗಿದಿದ್ದರೆ ಇದನ್ನು ಕತೆಯಂತೆ ನೀನು ರಜೆಗೆ ಬಂದಾಗ ಹೇಳುತ್ತಿದ್ದೆ. ಮುಗಿಯಲಿಲ್ಲ. ಮೊನ್ನೆ ಹಗಲು ಹೊಸ ಅರಳೆಯನ್ನು ಹಿಂಜುತ್ತಿದ್ದೆ, ನಿನ್ನ ಕೋಣೆಯ ಹುಡುಗಿಯ ದಿಂಬಿಗೆ. ಬಿಲ್ಲು ಚೆನ್ನಾಗಿ ಹಾಡುತ್ತಿತ್ತು. ನಿನ್ನ ಅವ್ವ ಚಹಾ ತಂದು ಹೊಸ್ತಿಲಲ್ಲಿ ಕುಳಿತಳು. ತಂತಿ ‘ಟೆಂಡರ್’ ಎಂದಿತು. ಕೈ ನಿಲ್ಲಿಸಿದೆ. “ಯಾಕ್ರೀ, ಬೆವತೀರಿ?” ಎಂದಳು. ಅವಳಿಗೆ ಕೇಳಿದ್ದು ಬರೀ ಬಿಲ್ಲಿನ ಸದ್ದು. ಅವಳು ಒಳಗೆ ಹೋದ ಮೇಲೆ ಹೊಡೆದೆ, ಟಂಯ್ಯ್. ಚಹಾದ ಕಪ್ಪು ಬಶಿ ಒಯ್ಯಲು ಮತ್ತೆ ಬಂದಳು, ಟೆಂಡರ್. ನಿನ್ನೆ ಬಿಲ್ಲನ್ನು ಹಿತ್ತಲಿಗೆ ಒಯ್ದು ಅಲ್ಲಿ ಕುಳಿತೆ. ಅವಳು ಕಾಳು ಹಸನು ಮಾಡಲು ಮೊರ ಹಿಡಿದು ಬಂದು ನನ್ನ ಬೆನ್ನ ಹಿಂದೆ ನಿಂತಳು. ನಾನು ತಿರುಗಿ ನೋಡಿರಲಿಲ್ಲ. ಅವಳು ಬಂದದ್ದನ್ನು ತಂತಿಯೇ ಹೇಳಿತು.

ಅದು ಹತ್ತಿಯ ಮಾತಾಗಿರಲಿಲ್ಲ ಮಗಳೇ. ಒಬ್ಬಳು ಹೇಳಿದ್ದು ಯಾರಿಗೂ ತಿಳಿಯಲಿಲ್ಲ, ಇನ್ನೊಬ್ಬಳದಾದರೂ ತಿಳಿಯಲಿ ಎಂದು ಬಂದ ಹಾಗಿದೆ. ಆಮೇಲೆ ಬಿಲ್ಲು ಮುಟ್ಟಿಲ್ಲ. ನಿನ್ನ ಅವ್ವನನ್ನು ದವಾಖಾನೆಗೆ ಎಬ್ಬಿಸುವ ಶಕ್ತಿ ನನಗಿಲ್ಲ, ನಿನಗಿದೆ. ಈ ಕಾಗದ ತಲುಪಿದ ಕೂಡಲೇ ಅವಳಿಗೊಂದು ಬರೆ. ನಿನಗೇ ಮೈ ಸರಿಯಿಲ್ಲ, ಬಂದು ನೋಡಿ ಹೋಗು ಎಂದು ಬರೆ. ಸುಳ್ಳಾದರೂ ಆಗಲಿ. ನಿನಗಾಗಿಯಾದರೆ ಅವಳು ಓಡಿ ಬರುತ್ತಾಳೆ. ಅಲ್ಲಿ ಬಂದ ಮೇಲೆ ನಿಮ್ಮ ದೊಡ್ಡ ಡಾಕ್ಟರಿಗೆ ತೋರಿಸೋಣ. ಅವರು ಏನೆಂದರೂ ಕನ್ನಡದಲ್ಲಿ ಹೇಳಿ ಎಂದು ನೀನೇ ಪಕ್ಕದಲ್ಲಿ ನಿಂತು ಕೇಳು.

ನಿನ್ನ ಜೊತೆಯ ಹುಡುಗಿಯರಿಗೆಲ್ಲ ಈ ಮುದುಕನ ಸಲಾಮು. ನಿನ್ನ ಕೈಗುಣ ನೂರು ಮನೆಗೆ ಬೆಳಕಾಗಲಿ. ರೋಗಿಯ ಮೈಮೇಲೆ ಕೈ ಇಡುವ ಮೊದಲು ಅಂಗೈ ತಿಕ್ಕಿ ಬೆಚ್ಚಗೆ ಮಾಡಿಕೋ.

ನಿನ್ನ ದಾರಿ ನೋಡುವ ಅಪ್ಪ,
ಮೌಲಾಸಾಬ ನದಾಫ

ತಾ.ಕ. ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ನಿನ್ನ ಅವ್ವ ಒಲೆಯ ಮುಂದೆ ಕುಸಿದಳು. ಮೈ ಕೆಂಡವಾಗಿದೆ. ಎತ್ತಲು ಹೋದೆ, ನನ್ನ ಕೈ ಅವಳ ಪಕ್ಕೆಗೆ ತಾಗಿತು. ಕಣ್ಣು ತೆರೆಯದೆ, “ಮುಟ್ಟಬ್ಯಾಡೋ ತಮ್ಮಾ, ಟೆಂಡರ್ ಐತಿ” ಎಂದಳು. ಈ ಮಾತನ್ನು ಈ ಮನೆಯಲ್ಲಿ ಅವಳ ಮುಂದೆ ಯಾರೂ ಆಡಿಲ್ಲ. ನನ್ನನ್ನು ಅವಳು ತಮ್ಮಾ ಎಂದು ಎಂದೂ ಕರೆದವಳಲ್ಲ. ದನಿಯೂ ಅವಳದಾಗಿರಲಿಲ್ಲ. ಈಗ ಎಚ್ಚರಾಗಿದ್ದಾಳೆ, ಏನೂ ನೆನಪಿಲ್ಲ ಎನ್ನುತ್ತಾಳೆ, ಬರುವುದಿಲ್ಲ ಎನ್ನುವ ಶಕ್ತಿಯೂ ಇಲ್ಲ. ನೀನು ಏನೂ ಬರೆಯಬೇಡ, ನಾವೇ ಬರುತ್ತಿದ್ದೇವೆ. ದೇವೇಂದ್ರಪ್ಪ ಒಂದು ಮಾತೂ ಕೇಳದೆ ಜೀಪು ತರಿಸುತ್ತಿದ್ದಾನೆ, ಅದು ಮುಂಡರಗಿ ಕಡೆಯಿಂದ ಬರಬೇಕು. ಈ ಕಾಗದವನ್ನು ಈಗ ಹೊರಡುವ ಹುಬ್ಬಳ್ಳಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಡುತ್ತೇನೆ. ನಮಗಿಂತ ಮೊದಲು ಇದು ಮುಟ್ಟಿದರೆ ದೊಡ್ಡ ಡಾಕ್ಟರನ್ನು ಹೋಗಗೊಡಬೇಡ, ಗೇಟಿನ ಹತ್ತಿರ ನಿಂತಿರು. ಬಲಗಡೆ, ಪಕ್ಕೆಲುಬಿನ ಕೆಳಗೆ.